ಕಡಿಮೆ ಬಜೆಟ್‌ನಲ್ಲಿ ಓವರ್‌ಕ್ಲಾಕಿಂಗ್: ಪ್ರೊಸೆಸರ್ ಆರಿಸುವ ಮೊದಲು ಬೋರ್ಡ್‌ನ ಅಕ್ಷರ ನೋಡಿ

ಬಂಟ್ವಾಳ: ಮಿಜಾರು, ತೋಡಾರು, ಉಜಿರೆ, ಬೆಂಜನಪದವಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊಸ ಬ್ಯಾಚ್ ಸೇರುವ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ? ಡೆಸ್ಕ್‌ಟಾಪ್ ಅಂತ ತೀರ್ಮಾನ ಆಯ್ತು ಅಂದರೆ ಮುಂದಿನದ್ದು ಮಕ್ಕಳ ಕೈಗೆ. ಅವರು ನಾಲ್ಕು ವಿಡಿಯೊ ನೋಡಿ ಪಟ್ಟಿ ಮಾಡ್ತಾರೆ. ಪಟ್ಟಿಯ ತುದಿಯಲ್ಲಿ 'ಕೆ' ಅಕ್ಷರದಿಂದ ಮುಗಿಯುವ ಒಂದು ಇಂಟೆಲ್ ಪ್ರೊಸೆಸರ್ ಇರ್ತದೆ. ಅದನ್ನು ಓವರ್‌ಕ್ಲಾಕ್ ಮಾಡಬಹುದು, ಅಂದರೆ ಕಂಪೆನಿ ಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸಬಹುದು ಅಂತ ವಿಡಿಯೊದಲ್ಲಿ ಹೇಳಿದ್ದಾರೆ.

ಅಂಗಡಿಯಲ್ಲಿ ಕೊಟೇಶನ್ ಬರೆಸುವಾಗ ದುಡ್ಡು ಸಾಲುವುದಿಲ್ಲ. ಆಗ ಮೊದಲು ಕತ್ತರಿ ಬೀಳುವುದು ಮದರ್‌ಬೋರ್ಡ್‌ಗೆ. "ಬೋರ್ಡ್ ಯಾವುದಾದರೆ ಎಂತ, ಪ್ರೊಸೆಸರ್ ಒಳ್ಳೇದಿದ್ದರೆ ಸಾಕು" ಅನ್ನುವ ಲೆಕ್ಕ. ಎಚ್610 ಚಿಪ್‌ಸೆಟ್‌ನ ಅಗ್ಗದ ಬೋರ್ಡ್ ತಕೊಂಡು ಮನೆಗೆ ಬಂದು ಜೋಡಿಸಿ ಬಯೋಸ್ ತೆರೆದರೆ, ವೇಗ ಏರಿಸಲಿಕ್ಕೆ ಆಗುವುದೇ ಇಲ್ಲ. ಕಂಪ್ಯೂಟರ್ ಓಡ್ತದೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ 'ಕೆ' ಅಕ್ಷರಕ್ಕೆ ಅಂತ ಹೆಚ್ಚಿಗೆ ಕೊಟ್ಟ ದುಡ್ಡು ಹೋಯಿತು. ಸೀಲ್ ಒಡೆದ ಬಾಕ್ಸನ್ನು ಅಂಗಡಿಯವರು ವಾಪಸ್ ತಕೊಳ್ಳುವುದು ಕಷ್ಟ. ಅಡಿಕೆ ಮಾರಿದ ದುಡ್ಡೋ, ಅಮ್ಮ ಬೀಡಿ ಕಟ್ಟಿ ಸೊಸೈಟಿಯಲ್ಲಿ ಇಟ್ಟ ದುಡ್ಡೋ ಆಗಿದ್ದರೆ ಆ ಮೂರ್ನಾಲ್ಕು ಸಾವಿರ ಸಣ್ಣ ಮಾತಲ್ಲ.

ಈ ತಪ್ಪು ಆಗದಿರಲು ಕಂಪ್ಯೂಟರ್ ಸೈನ್ಸ್ ಓದಿರಬೇಕಾಗಿಲ್ಲ. ಬೋರ್ಡ್‌ನ ಚಿಪ್‌ಸೆಟ್ ಹೆಸರಿನ ಮೊದಲ ಅಕ್ಷರವನ್ನೂ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನೂ ಒಟ್ಟಿಗೆ ಓದಲು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದ ಅರ್ಧ ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಮಾಡಿ ಸಿಗುವ ವೇಗ ಎಷ್ಟು, ಅದಕ್ಕೆ ಕೊಡುವ ದುಡ್ಡು ಎಷ್ಟು?

ಓವರ್‌ಕ್ಲಾಕಿಂಗ್ ಅಂದರೆ ಎಂತ?

ಪ್ರೊಸೆಸರ್‌ನ ವೇಗ ಒಂದು ಗುಣಾಕಾರದ ಲೆಕ್ಕ. ಬೋರ್ಡ್ 100 ಮೆಗಾಹರ್ಟ್ಸ್‌ನ ಒಂದು ತಾಳ ಹಾಕ್ತದೆ. ಪ್ರೊಸೆಸರ್ ಅದನ್ನು ತನ್ನೊಳಗೆ ಇಂತಿಷ್ಟು ಪಟ್ಟು ಮಾಡಿಕೊಳ್ತದೆ. 44 ಪಟ್ಟು ಆದರೆ 4,400 ಮೆಗಾಹರ್ಟ್ಸ್, ಅಂದರೆ 4.4 ಗಿಗಾಹರ್ಟ್ಸ್. ಈ 44ನ್ನು 46 ಮಾಡಿದರೆ 4.6 ಗಿಗಾಹರ್ಟ್ಸ್. ಇಷ್ಟೇ ಓವರ್‌ಕ್ಲಾಕಿಂಗ್. ಪಟ್ಟಿನ ಈ ಸಂಖ್ಯೆಗೆ ಮಲ್ಟಿಪ್ಲೈಯರ್ ಅಂತ ಹೆಸರು. ಅದನ್ನು ಬದಲಿಸಲು ಪ್ರೊಸೆಸರೂ ಬಿಡಬೇಕು, ಬೋರ್ಡೂ ಬಿಡಬೇಕು.

ವೇಗ ಏರಿಸಿದರೆ ಒಂದು ಹಂತದಲ್ಲಿ ಚಿಪ್ ತಡವರಿಸಲು ಶುರು ಮಾಡ್ತದೆ. ಆಗ ಸ್ವಲ್ಪ ಹೆಚ್ಚು ವೋಲ್ಟೇಜ್ ಕೊಡಬೇಕು. ಖರ್ಚು ಇರುವುದು ಇಲ್ಲಿ. ಚಿಪ್ ಎಳೆಯುವ ವಿದ್ಯುತ್ ವೇಗದ ಜತೆ ನೇರವಾಗಿ ಏರ್ತದೆ, ವೋಲ್ಟೇಜ್‌ನ ಜತೆ ವರ್ಗದ ಲೆಕ್ಕದಲ್ಲಿ ಏರ್ತದೆ. ವೇಗ ಶೇ. 10 ಮತ್ತು ವೋಲ್ಟೇಜ್ ಶೇ. 10 ಹೆಚ್ಚಿಸಿದರೆ 1.1 ಗುಣಿಸು 1.1 ಗುಣಿಸು 1.1, ಉತ್ತರ 1.33. ಅಂದರೆ ಶೇ. 10 ವೇಗಕ್ಕೆ ಶೇ. 33 ಹೆಚ್ಚು ಕರೆಂಟು, ಅಷ್ಟೇ ಹೆಚ್ಚು ಬಿಸಿ. ಆ ಬಿಸಿಯನ್ನು ಹೊರಗೆ ಹಾಕಲು ದೊಡ್ಡ ಕೂಲರ್ ಬೇಕು, ಆ ಕರೆಂಟನ್ನು ತಡೆದುಕೊಳ್ಳುವ ಬೋರ್ಡ್ ಬೇಕು, ಒಳ್ಳೆ ಎಸ್‌ಎಂಪಿಎಸ್ ಬೇಕು.

ಹಿಂದೆ ಇದೆಲ್ಲ ಮಾಡಿದ್ದಕ್ಕೆ ಫಲ ಇತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಅಂಗಡಿಯಲ್ಲಿ 300 ಮೆಗಾಹರ್ಟ್ಸ್. ಬೋರ್ಡ್‌ನ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಚಿಪ್ 450ಕ್ಕೆ ಓಡುತ್ತಿತ್ತು. ಒಂದೂವರೆ ಪಟ್ಟು, ಅದೂ ಪುಕ್ಕಟೆ! 2007ರ ಕೋರ್ 2 ಕ್ವಾಡ್ ಕ್ಯೂ6600 ಚಿಪ್ಪನ್ನು 2.4ರಿಂದ 3 ಗಿಗಾಹರ್ಟ್ಸ್‌ಗೆ ತರುವುದು ಸಲೀಸಾಗಿತ್ತು, ಶೇ. 25 ಲಾಭ. 2011ರಲ್ಲಿ ಇಂಟೆಲ್ ಬಾಗಿಲು ಹಾಕಿತು. ಅಲ್ಲಿಂದ ಮುಂದೆ 'ಕೆ' ಇರುವ ಚಿಪ್‌ಗಳ ಮಲ್ಟಿಪ್ಲೈಯರ್ ಮಾತ್ರ ಪೂರ್ತಿ ಸ್ವತಂತ್ರ, ಉಳಿದದ್ದಕ್ಕೆ ಬೀಗ. 2014ರ ಪೆಂಟಿಯಮ್ ಜಿ3258 ಒಂದು ಅಪರೂಪ. ಎರಡೇ ಕೋರ್‌ನ ಅಗ್ಗದ ಚಿಪ್ ಆದರೂ ಬೀಗ ಇರಲಿಲ್ಲ, ಬಡ ಓವರ್‌ಕ್ಲಾಕರ್‌ಗಳು ಇವತ್ತೂ ಅದನ್ನು ನೆನಪು ಮಾಡಿಕೊಳ್ತಾರೆ.

ಈಗ ಬೀಗಕ್ಕಿಂತ ದೊಡ್ಡ ಬದಲಾವಣೆ ಬೇರೆ ಆಗಿದೆ. ಚಿಪ್ ತನ್ನನ್ನು ತಾನೇ ಓವರ್‌ಕ್ಲಾಕ್ ಮಾಡಿಕೊಳ್ತದೆ. ಇಂಟೆಲ್‌ನಲ್ಲಿ ಇದರ ಹೆಸರು ಟರ್ಬೊ ಬೂಸ್ಟ್, ಎಎಂಡಿಯಲ್ಲಿ ಪ್ರಿಸಿಶನ್ ಬೂಸ್ಟ್. ಎಎಂಡಿಯ ರೈಜೆನ್ 5 5600 ಚಿಪ್‌ನ ಮೂಲ ವೇಗ 3.5 ಗಿಗಾಹರ್ಟ್ಸ್. ತಂಪಾಗಿದ್ದರೆ, ಕರೆಂಟು ಸಾಕಷ್ಟು ಸಿಕ್ಕಿದರೆ, ಯಾರೂ ಏನೂ ಮಾಡದೆ ಅದೇ 4.4ರವರೆಗೆ ಹೋಗ್ತದೆ. ಅದರ ಮೇಲೆ ಕೈಯಾರೆ ಇನ್ನೂ 200 ಮೆಗಾಹರ್ಟ್ಸ್ ಸೇರಿಸಿದರೆ ಸಿಗುವುದು ಶೇ. 4.5. ಗೇಮ್‌ನಲ್ಲಿ 100 ಫ್ರೇಮ್ ಬರುತ್ತಿದ್ದರೆ ಹೆಚ್ಚೆಂದರೆ 104. ಗ್ರಾಫಿಕ್ಸ್ ಕಾರ್ಡೇ ಸಣ್ಣದಾಗಿದ್ದರೆ ಆ ನಾಲ್ಕೂ ಇಲ್ಲ.

ಅದಕ್ಕೇ ಕಡಿಮೆ ಬಜೆಟ್‌ನವರಿಗೆ ಓವರ್‌ಕ್ಲಾಕಿಂಗ್ ಅಂದರೆ ಹೆಚ್ಚುವರಿ ಖರ್ಚು ಇಲ್ಲದೆ ಸಿಕ್ಕಿದಷ್ಟು. ಅದಕ್ಕಾಗಿಯೇ ಬೇರೆ ದುಡ್ಡು ಹಾಕಬೇಕು ಅಂತಾದರೆ, ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಚಿಪ್ಪೋ ಗ್ರಾಫಿಕ್ಸ್ ಕಾರ್ಡೋ ತಕೊಳ್ಳುವುದು ಲಾಭ.

ಯಾವ ಅಕ್ಷರಕ್ಕೆ ಯಾವ ಅಕ್ಷರ?

ಇಂಟೆಲ್‌ನಲ್ಲಿ ನಿಯಮ ಕಟ್ಟುನಿಟ್ಟು. ಪ್ರೊಸೆಸರ್ ಹೆಸರಿನ ಕೊನೆಗೆ 'ಕೆ' ಇರಬೇಕು ('ಕೆಎಫ್' ಆದರೂ ಸರಿ), ಬೋರ್ಡ್‌ನ ಚಿಪ್‌ಸೆಟ್ 'ಝಡ್'ನಿಂದ ಶುರುವಾಗಬೇಕು: ಝಡ್690, ಝಡ್790, ಹೊಸ ಕೋರ್ ಅಲ್ಟ್ರಾ 200 ಸರಣಿಯವರಿಗೆ ಝಡ್890. ಎರಡರಲ್ಲಿ ಒಂದು ಇಲ್ಲದಿದ್ದರೂ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ. ಬಿ660, ಬಿ760 ಬೋರ್ಡ್‌ಗಳಲ್ಲಿ ರ್‍ಯಾಮ್‌ನ ವೇಗ ಏರಿಸಲು ಬಿಡ್ತದೆ, ಪ್ರೊಸೆಸರ್‌ನದ್ದು ಬಿಡುವುದಿಲ್ಲ. ಎಚ್610ರಲ್ಲಿ ಎರಡೂ ಇಲ್ಲ. ಇನ್ನೊಂದು ಒಳ ಖರ್ಚು ಉಂಟು. 'ಕೆ' ಚಿಪ್‌ನ ಬಾಕ್ಸ್‌ನಲ್ಲಿ ಕೂಲರ್ ಬರುವುದಿಲ್ಲ, ಬೇರೆಯೇ ತಕೊಳ್ಳಬೇಕು. ಈಗಿನ ತಲೆಮಾರುಗಳಲ್ಲಿ ಐ3 ಮಟ್ಟದಲ್ಲಿ 'ಕೆ' ಚಿಪ್ಪೇ ಇಲ್ಲ, ಐ5ರಿಂದ ಶುರು. ಹಾಗಾಗಿ ಐ5 'ಕೆ', ಅದಕ್ಕೊಂದು ಝಡ್ ಬೋರ್ಡ್, ಅದಕ್ಕೊಂದು ಕೂಲರ್ ಅಂತ ಲೆಕ್ಕ ಹಾಕಿದರೆ ಸಾಧಾರಣ ಮನೆಯ ಬಜೆಟ್ ಅಲ್ಲಿಗೇ ಮುಗೀತದೆ. ಹೆಚ್ಚುಕಡಿಮೆ ಒಂದು ಝಡ್790 ಬೋರ್ಡ್‌ನ ದುಡ್ಡಿಗೆ ಎಎಂಡಿಯ ಮಧ್ಯಮ ಬೋರ್ಡೂ ಆರು ಕೋರ್‌ನ ಪ್ರೊಸೆಸರೂ ಎರಡೂ ಬರ್ತವೆ.

'ಬಿ660ರಲ್ಲೂ ಬೀಗ ಒಡೀಬಹುದು' ಅನ್ನುವ ವಿಡಿಯೊಗಳು ಈಗಲೂ ಓಡಾಡ್ತಾ ಉಂಟು. ಅದು ಪೂರ್ತಿ ಸುಳ್ಳಲ್ಲ. 2022ರ ಆರಂಭದಲ್ಲಿ ಕೆಲವೇ ಬೋರ್ಡ್‌ಗಳಲ್ಲಿ ತಾಳ ಹಾಕುವ ಪ್ರತ್ಯೇಕ ಚಿಪ್ ಇದ್ದ ಕಾರಣ 12ನೇ ತಲೆಮಾರಿನ ಬೀಗ ಹಾಕಿದ ಪ್ರೊಸೆಸರ್‌ಗಳನ್ನೂ 5 ಗಿಗಾಹರ್ಟ್ಸ್ ದಾಟಿಸಿದವರು ಇದ್ದಾರೆ. ಆದರೆ ಅದಕ್ಕೆ ಅದೇ ಬೋರ್ಡ್, ಅದೇ ಬಯೋಸ್ ಆಗಬೇಕು, ಇಂಟೆಲ್ ಅದನ್ನು ಒಪ್ಪುವುದೂ ಇಲ್ಲ. ಅಂಗಡಿಯಲ್ಲಿ ಸಿಗುವ ಯಾವುದೋ ಬಿ660 ತಂದು ಹಾಗೆ ಆಗ್ತದೆ ಅಂತ ಕೂರುವುದು ಬೇಡ.

ಎಎಂಡಿಯಲ್ಲಿ ಲೆಕ್ಕ ಸಲೀಸು. ರೈಜೆನ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಹೆಚ್ಚಿನವಕ್ಕೆ ಬೀಗ ಇಲ್ಲ. 5800ಎಕ್ಸ್3ಡಿ ತರಹದ ಕೆಲವು ಮಾತ್ರ ಬೇರೆ, ಬಜೆಟ್‌ನವರಿಗೆ ಅವು ಬೇಕಾಗಿಯೂ ಇಲ್ಲ. ನೋಡಬೇಕಾದ್ದು ಬೋರ್ಡನ್ನು. 'ಬಿ' ಅಥವಾ 'ಎಕ್ಸ್' ಆದರೆ ಹೆಚ್ಚಿನವುಗಳಲ್ಲಿ ಆಗ್ತದೆ: ಬಿ450, ಬಿ550, ಬಿ650, ಬಿ850. 'ಎ' ಆದರೆ ಇಲ್ಲ: ಎ320, ಎ520, ಎ620ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್‌ಗೆ ಎಎಂಡಿಯ ಅನುಮತಿ ಇಲ್ಲ. ಕೊಟೇಶನ್‌ನಲ್ಲಿ ಎ520 ಇದ್ದರೆ ಬಿ450 ಅಥವಾ ಬಿ550 ಮಾಡಿಸಿ. ವ್ಯತ್ಯಾಸದ ದುಡ್ಡು ದೊಡ್ಡದಿಲ್ಲ, ಮುಂದೆ ದೊಡ್ಡ ಪ್ರೊಸೆಸರ್ ಹಾಕಲಿಕ್ಕೂ ಅದೇ ಬೋರ್ಡ್ ಆಗ್ತದೆ.

ಬಿ450 ತಕೊಳ್ಳುವಾಗ ಒಂದು ಎಚ್ಚರ. ಅದು 2018ರ ಚಿಪ್‌ಸೆಟ್. ಗೋಡೌನ್‌ನಲ್ಲಿ ಹಳೆಯ ಬಯೋಸ್‌ನೊಂದಿಗೆ ಕೂತ ಬೋರ್ಡ್‌ಗೆ ರೈಜೆನ್ 5000 ಸರಣಿ ಹಾಕಿದರೆ ಡಿಸ್‌ಪ್ಲೇಯೇ ಬರುವುದಿಲ್ಲ. ಹೊಸಬರು ಇದನ್ನು 'ಬೋರ್ಡ್ ಸತ್ತಿದೆ' ಅಂದುಕೊಳ್ತಾರೆ. ಬಯೋಸ್ ಅಪ್‌ಡೇಟ್ ಮಾಡಿ ಕೊಡಲು ಅಂಗಡಿಯಲ್ಲೇ ಹೇಳಿ. ಪೆನ್‌ಡ್ರೈವ್ ಹಾಕಿ ಒಂದು ಬಟನ್ ಒತ್ತಿ ಅಪ್‌ಡೇಟ್ ಮಾಡುವ ಸೌಲಭ್ಯ ಕೆಲವು ಬೋರ್ಡ್‌ಗಳ ಹಿಂದೆಯೇ ಇರ್ತದೆ, ಅಂಥದ್ದು ಸಿಕ್ಕಿದರೆ ಬಿಡಬೇಡಿ.

ಬೋರ್ಡ್‌ನಲ್ಲಿ 73 ಆಂಪಿಯರ್

ಒಂದೇ ಬಿ550 ಹೆಸರಿನಲ್ಲಿ ಐದಾರು ಬೆಲೆಯ ಬೋರ್ಡ್‌ಗಳು ಯಾಕೆ? ಆರ್‌ಜಿಬಿ ಲೈಟು, ವೈಫೈ ಬಿಟ್ಟರೆ ಮುಖ್ಯ ವ್ಯತ್ಯಾಸ ವಿಆರ್‌ಎಂ. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ 1.2 ವೋಲ್ಟ್ ಆಸುಪಾಸಿಗೆ ಇಳಿಸುವ ಭಾಗ ಇದು. ಪ್ರೊಸೆಸರ್ ಸಾಕೆಟ್‌ನ ಎಡಗಡೆ ಮತ್ತು ಮೇಲೆ ಸಾಲಾಗಿ ಕಾಣುವ ಚೌಕ ಚೌಕದ ಕಾಯಿಲ್‌ಗಳು, ಅವುಗಳ ಪಕ್ಕದ ಸಣ್ಣ ಕಪ್ಪು ಚಿಪ್‌ಗಳು.

65 ವ್ಯಾಟ್ ಅಂತ ಬಾಕ್ಸ್ ಮೇಲೆ ಬರೆದಿರುವ ಎಎಂ4 ರೈಜೆನ್ ಚಿಪ್‌ಗೆ ಸಾಕೆಟ್‌ನಲ್ಲಿ 88 ವ್ಯಾಟ್‌ವರೆಗೆ ಎಳೆಯಲು ಎಎಂಡಿ ಬಿಡ್ತದೆ. 88 ವ್ಯಾಟನ್ನು 1.2 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 73 ಆಂಪಿಯರ್. ಅಡುಗೆಮನೆಯ 750 ವ್ಯಾಟ್‌ನ ಮಿಕ್ಸಿ 230 ವೋಲ್ಟ್‌ನಲ್ಲಿ ಎಳೆಯುವುದು ಮೂರು ಚಿಲ್ಲರೆ ಆಂಪಿಯರ್. ಬೆರಳಿನಷ್ಟು ಜಾಗದಲ್ಲಿ ಅದರ ಇಪ್ಪತ್ತು ಪಟ್ಟಿಗೂ ಮಿಕ್ಕಿದ ಆಂಪಿಯರ್ ಹರೀತದೆ ಅಂದರೆ ಆ ಕಪ್ಪು ಚಿಪ್‌ಗಳು ಬಿಸಿಯಾಗದೆ ಇರ್ತವಾ? ಓವರ್‌ಕ್ಲಾಕ್ ಮಾಡಿ ಮೇಲೆ ಹೇಳಿದ ಶೇ. 33 ಸೇರಿಸಿದರೆ 88 ವ್ಯಾಟ್ ಹೋಗಿ 117 ಆಗ್ತದೆ. ವಿಆರ್‌ಎಂ ಸೋತರೆ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್‌ನ ವೇಗವನ್ನೇ ಇಳಿಸ್ತದೆ. ಕಷ್ಟಪಟ್ಟು ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಮಾಡದ್ದಕ್ಕಿಂತ ನಿಧಾನ ಓಡುವುದು ಹೀಗೆ.

ಅಂಗಡಿಯಲ್ಲಿ ಬೋರ್ಡನ್ನು ಕಣ್ಣಿನಿಂದಲೇ ಒಂದು ಮಟ್ಟಿಗೆ ಪರೀಕ್ಷೆ ಮಾಡಬಹುದು. ಆ ಕಪ್ಪು ಚಿಪ್‌ಗಳ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಉಂಟಾ? ಅದು ಸ್ಕ್ರೂ ಹಾಕಿ ಬಿಗಿದದ್ದಾ, ಸುಮ್ಮನೆ ಪ್ಲಾಸ್ಟಿಕ್ ಮುಚ್ಚಳವಾ? ಪ್ರೊಸೆಸರ್‌ಗೆ ಕರೆಂಟು ಕೊಡುವ ಪ್ಲಗ್ 4 ಪಿನ್‌ನದ್ದಾ, 8 ಪಿನ್‌ನದ್ದಾ? ಹೀಟ್‌ಸಿಂಕ್ ಇಲ್ಲದ, 4 ಪಿನ್‌ನ ಬೋರ್ಡ್ ಹೆಸರಿಗೆ ಬಿ450 ಆದರೂ ಓವರ್‌ಕ್ಲಾಕ್‌ಗೆ ಹೇಳಿಸಿದ್ದಲ್ಲ. ಆರು ಕೋರ್‌ನ ಚಿಪ್‌ಗೆ ತೀರಾ ದುಬಾರಿ ಬೋರ್ಡೂ ಬೇಡ. ಹೀಟ್‌ಸಿಂಕ್ ಇರುವ, ರ್‍ಯಾಮ್‌ಗೆ ನಾಲ್ಕು ಜಾಗ ಇರುವ ಮಧ್ಯಮ ಬೋರ್ಡ್ ಧಾರಾಳ ಸಾಕು.

ಎಸಿ ರೂಮಿನ ವಿಡಿಯೊ, ಹಂಚಿನ ಮಾಡಿನ ಮನೆ

ಕೂಲರ್ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಯ ಬಿಸಿಯ ಮೇಲೆ ಇಷ್ಟು ಡಿಗ್ರಿ ಅಂತ ಮಾತ್ರ ಅದರ ಲೆಕ್ಕ. ಒಂದು ಓವರ್‌ಕ್ಲಾಕ್‌ನಲ್ಲಿ ಚಿಪ್ ಕೋಣೆಗಿಂತ 58 ಡಿಗ್ರಿ ಮೇಲೆ ಓಡ್ತದೆ ಅಂತ ಇಟ್ಟುಕೊಳ್ಳಿ. 22 ಡಿಗ್ರಿಯ ಎಸಿ ಕೋಣೆಯಲ್ಲಿ ವಿಡಿಯೊ ಮಾಡಿದವರಿಗೆ ಅದು 80 ಡಿಗ್ರಿ, ಆರಾಮ. ಏಪ್ರಿಲ್ ಮಧ್ಯಾಹ್ನ ಬಿ.ಸಿ.ರೋಡಿನ ಬಾಡಿಗೆ ರೂಮಿನಲ್ಲಿ 34 ಡಿಗ್ರಿ ಇದ್ದರೆ ಅದೇ ಚಿಪ್ 92ಕ್ಕೆ ಹೋಗ್ತದೆ. ರೈಜೆನ್ 5 5600ಕ್ಕೆ ಎಎಂಡಿ ಹಾಕಿದ ಮಿತಿಯೇ 90. ಅಲ್ಲಿಗೆ ಮುಟ್ಟಿದ ಕೂಡಲೇ ಅದು ವೇಗ ಇಳಿಸ್ತದೆ. ವಿಡಿಯೊದಲ್ಲಿ ಕಂಡ ಸಂಖ್ಯೆ ಇಲ್ಲಿ ಬರುವುದಿಲ್ಲ ಅಂತ ಬೇಸರ ಮಾಡಿಕೊಳ್ಳಲು ಏನಿಲ್ಲ, ಅದು ಸೆಖೆಯ ಲೆಕ್ಕ ಅಷ್ಟೆ. ಓವರ್‌ಕ್ಲಾಕ್ ಮಾಡುವವರು ಡಿಸೆಂಬರ್ ರಾತ್ರಿ ಪರೀಕ್ಷೆ ಮಾಡಿ 'ಸ್ಟೇಬಲ್' ಅಂತ ಬಿಡಬಾರದು. ಮೇ ತಿಂಗಳ ಮಧ್ಯಾಹ್ನ ಮತ್ತೊಮ್ಮೆ ನೋಡಬೇಕು.

ಮುಂದೆ ಪೂರ್ತಿ ಗ್ಲಾಸ್ ಇರುವ, ಗಾಳಿ ಬರಲು ಜಾಗವೇ ಇಲ್ಲದ ಕ್ಯಾಬಿನೆಟ್ ಚಂದ ಕಾಣ್ತದೆ. ಆದರೆ ಸೆಖೆಯ ಊರಿಗೆ ಆಗುವುದು ಮುಂಭಾಗ ಜಾಲರಿ ಇರುವ ಕ್ಯಾಬಿನೆಟ್. ಜಾಲರಿಯಲ್ಲಿ ಧೂಳು ಬರ್ತದೆ, ಮಳೆಗಾಲದಲ್ಲಿ ಇರುವೆ ಗೂಡು ಮಾಡ್ತದೆ, ಹಲ್ಲಿ ನುಗ್ಗಿ ಬೋರ್ಡ್ ಶಾರ್ಟ್ ಆಗುವುದೂ ಉಂಟು. ಎರಡು ತಿಂಗಳಿಗೊಮ್ಮೆ ಬಿಚ್ಚಿ ಬ್ರಶ್ ಹಾಕುವ ಅಭ್ಯಾಸ ಇರಲಿ.

ಹಾಗಾದರೆ ಯಾವುದು ತಕೊಳ್ಳುವುದು?

ಬಜೆಟ್ ಬಿಗಿ ಉಂಟು, ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕ್ತೇವೆ ಅನ್ನುವವರಿಗೆ ರೈಜೆನ್ 5 5600 ಮತ್ತು ಬಿ550 ಇವತ್ತಿಗೂ ಒಳ್ಳೆ ಜೋಡಿ. ಆರು ಕೋರ್, 12 ಥ್ರೆಡ್, ಬಾಕ್ಸ್‌ನಲ್ಲೇ ಕೂಲರ್ ಉಂಟು. ಇನ್ನೂ ಸ್ವಲ್ಪ ಉಳಿಸಲು ರೈಜೆನ್ 5 5500 ತಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಅದರ ಎಲ್3 ಕ್ಯಾಶ್ 16 ಎಂಬಿ, 5600ದ್ದು 32. ಗೇಮ್‌ಗಳಲ್ಲಿ ಈ ವ್ಯತ್ಯಾಸ ಓವರ್‌ಕ್ಲಾಕ್‌ನಿಂದ ತುಂಬುವುದಿಲ್ಲ. 5500 ಹಳೆಯ ಪಿಸಿಐಇ 3.0 ಮಾತ್ರ ಕೊಡುವುದರಿಂದ, ನಾಲ್ಕೇ ಲೇನ್‌ನ ಆರ್‌ಎಕ್ಸ್ 6500 ಎಕ್ಸ್‌ಟಿ ತರಹದ ಅಗ್ಗದ ಕಾರ್ಡ್‌ಗಳು ಅದರ ಜತೆ ಇನ್ನೂ ನಿಧಾನ.

ಗ್ರಾಫಿಕ್ಸ್ ಕಾರ್ಡಿಗೆ ಸದ್ಯ ದುಡ್ಡಿಲ್ಲ, ಮುಂದಿನ ವರ್ಷ ನೋಡುವ ಅನ್ನುವ ಮನೆಗಳೇ ಹೆಚ್ಚು. ಅವರು 5600 ತಕೊಂಡರೆ ಸ್ಕ್ರೀನ್‌ನಲ್ಲಿ ಏನೂ ಬರುವುದಿಲ್ಲ, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಇಂಟೆಲ್‌ನಲ್ಲಿ ಕೊನೆಗೆ 'ಎಫ್' ಇರುವ ಚಿಪ್‌ಗಳದ್ದೂ ಇದೇ ಕತೆ. ಅವರಿಗೆ ಬೇಕಾದ್ದು ಹೆಸರಿನ ಕೊನೆಗೆ 'ಜಿ' ಇರುವ ರೈಜೆನ್ 5 5600ಜಿ. ಓವರ್‌ಕ್ಲಾಕಿಂಗ್‌ಗೆ ನಿಜವಾಗಿ ಅರ್ಥ ಉಳಿದಿರುವುದು ಕೂಡ ಇಲ್ಲೇ, ಅದೂ ರ್‍ಯಾಮ್‌ನಲ್ಲಿ.

ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಕಂಪ್ಯೂಟರ್‌ನ ರ್‍ಯಾಮನ್ನೇ ಹಂಚಿಕೊಳ್ತದೆ. 16 ಜಿಬಿಯ ಒಂದೇ ಡಿಡಿಆರ್4 ರ್‍ಯಾಮ್ ಹಾಕಿ ಬಯೋಸ್‌ನಲ್ಲಿ ಏನೂ ಮುಟ್ಟದೆ ಬಿಟ್ಟರೆ ಅದು 2400ರಲ್ಲೇ ಓಡುತ್ತಿರುವುದು ಸಾಮಾನ್ಯ. ಆಗ ದತ್ತಾಂಶ ಸಾಗುವ ಗರಿಷ್ಠ ವೇಗ ಸೆಕೆಂಡಿಗೆ 19.2 ಜಿಬಿ. ಅದರ ಬದಲು 8 ಜಿಬಿಯ ಎರಡು 3200 ರ್‍ಯಾಮ್ ಹಾಕಿ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವ ಒಂದು ಆಯ್ಕೆ ಆನ್ ಮಾಡಿದರೆ ಸೆಕೆಂಡಿಗೆ 51.2 ಜಿಬಿ. ಅದೇ 16 ಜಿಬಿ, ಎರಡೂವರೆ ಪಟ್ಟಿಗಿಂತ ಹೆಚ್ಚು ದಾರಿ. ಪ್ರೊಸೆಸರ್‌ನಲ್ಲಿ ಶೇ. 4.5ಕ್ಕೆ ಒದ್ದಾಡುವುದಕ್ಕಿಂತ ಇದು ಎಷ್ಟೋ ಮೇಲು. 3200 ಅಂತ ಬರೆದ ರ್‍ಯಾಮ್‌ಗೆ ದುಡ್ಡು ಕೊಟ್ಟು, ಎಕ್ಸ್‌ಎಂಪಿ ಆನ್ ಮಾಡದೆ ವರ್ಷಗಟ್ಟಲೆ 2400ರಲ್ಲಿ ಓಡಿಸುವವರು ಬೇಕಾದಷ್ಟು ಮಂದಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಕಾಣ್ತದೆ, ಈಗಲೇ ನೋಡಬಹುದು.

ಮುಂದಿನ ನಾಲ್ಕೈದು ವರ್ಷಕ್ಕೆ ಯೋಚಿಸುವವರಿಗೆ 2022ರಲ್ಲಿ ಬಂದ ಎಎಂ5 ಸಾಕೆಟ್ ಉಂಟು. ರೈಜೆನ್ 5 7600 ಮತ್ತು ಬಿ650. 7600ರಲ್ಲಿ ಸಣ್ಣ ಗ್ರಾಫಿಕ್ಸ್ ಒಳಗೇ ಉಂಟು, ಕೂಲರೂ ಬರ್ತದೆ, ಮುಂದೆ ಹೊಸ ಪ್ರೊಸೆಸರ್ ಅದೇ ಬೋರ್ಡ್‌ಗೆ ಹಾಕಬಹುದು. ತೊಡಕು ಡಿಡಿಆರ್5 ರ್‍ಯಾಮ್‌ನದ್ದು. 2025ರ ಕೊನೆಯಿಂದ ಎಐ ಸರ್ವರ್‌ಗಳ ಬೇಡಿಕೆಗೆ ಜಗತ್ತಿನಾದ್ಯಂತ ರ್‍ಯಾಮ್ ಬೆಲೆ ಏರಿದ್ದು ಬಿ.ಸಿ.ರೋಡಿನ ಕೊಟೇಶನ್‌ಗೂ ಬಂದು ಮುಟ್ಟಿದೆ. ಮನೆಯಲ್ಲಿ ಹಳೆ ಕಂಪ್ಯೂಟರ್‌ನ ಡಿಡಿಆರ್4 ರ್‍ಯಾಮ್ ಇದ್ದರೆ ಎಎಂ4 ಬೋರ್ಡ್ ಹಾಕಿ ಅದನ್ನೇ ಬಳಸುವುದು ಸದ್ಯಕ್ಕೆ ಬುದ್ಧಿವಂತಿಕೆ.

ಓವರ್‌ಕ್ಲಾಕ್ ಹುಚ್ಚು ಇಲ್ಲ, ಕೆಲಸ ಆದರೆ ಸಾಕು ಅನ್ನುವವರಿಗೆ ಇಂಟೆಲ್ ಐ5-12400ಎಫ್ ಮತ್ತು ಬಿ760 ಕೂಡ ಆಗ್ತದೆ. ಬೀಗ ಹಾಕಿದ ಚಿಪ್, ಆದರೆ ತನ್ನಷ್ಟಕ್ಕೇ 4.4 ಗಿಗಾಹರ್ಟ್ಸ್‌ವರೆಗೆ ಹೋಗ್ತದೆ, ರ್‍ಯಾಮ್‌ಗೆ ಎಕ್ಸ್‌ಎಂಪಿಯೂ ಸಿಗ್ತದೆ.

ಏರಿಸುವುದಕ್ಕಿಂತ ಇಳಿಸುವುದು

ಈಗಿನ ರೈಜೆನ್‌ನಲ್ಲಿ 44ನ್ನು 46 ಮಾಡುವ ಹಳೆ ಪದ್ಧತಿಗಿಂತ ಉಪಯೋಗ ಇರುವುದು ಬೇರೆ. ಬಯೋಸ್‌ನ ಪಿಬಿಒ ವಿಭಾಗದಲ್ಲಿ ಕರ್ವ್ ಆಪ್ಟಿಮೈಸರ್ ಅಂತ ಉಂಟು. ಅದು ಪ್ರತಿ ಕೋರ್‌ಗೆ ಕೊಡುವ ವೋಲ್ಟೇಜನ್ನು ಸ್ವಲ್ಪ ಇಳಿಸ್ತದೆ. ವೋಲ್ಟೇಜ್ ಇಳಿದರೆ ಬಿಸಿ ಇಳೀತದೆ, ಬಿಸಿ ಇಳಿದರೆ ಚಿಪ್ ತಾನಾಗಿ ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ತದೆ. ದೊಡ್ಡ ಕೂಲರ್ ಬೇಡ, ಕರೆಂಟು ಹೆಚ್ಚು ಬೇಡ. ಸೆಖೆಯ ಊರಿಗೆ ಹೇಳಿ ಮಾಡಿಸಿದ ಓವರ್‌ಕ್ಲಾಕಿಂಗ್ ಇದು. ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರು ಮಾಡಿ, ಒಂದೆರಡು ದಿನ ಬಳಸಿ, ಸರಿ ಇದ್ದರೆ ಇನ್ನೈದು ಇಳಿಸಿ. ಒಂದೊಂದು ಚಿಪ್ಪಿನ ಮಿತಿ ಒಂದೊಂದು ತರಹ. ಗೆಳೆಯನದ್ದು ಮೈನಸ್ 30ರಲ್ಲಿ ಓಡ್ತದೆ ಅಂದರೆ ನಿಮ್ಮದೂ ಓಡಬೇಕು ಅಂತಿಲ್ಲ.

ಪರೀಕ್ಷೆಗೆ ಸಿನೆಬೆಂಚ್, ಒಸಿಸಿಟಿಯಂಥ ತಂತ್ರಾಂಶಗಳು ಉಚಿತವಾಗಿ ಸಿಗ್ತವೆ. ಬಿಸಿ ನೋಡಲು ಎಚ್‌ಡಬ್ಲ್ಯುಇನ್ಫೊ. ಕಂಪ್ಯೂಟರ್ ಆಫ್ ಆಗಲಿಲ್ಲ ಅಂದ ಮಾತ್ರಕ್ಕೆ ಓವರ್‌ಕ್ಲಾಕ್ ಸರಿ ಉಂಟು ಅಂತ ಅಲ್ಲ. ಅರೆಬರೆ ಓವರ್‌ಕ್ಲಾಕ್‌ನ ಕೆಟ್ಟ ಗುಣ ಅಂದರೆ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವುದು. ಫೈಲ್ ಸೇವ್ ಆಗ್ತದೆ, ಮರುದಿನ ತೆರೆಯುವುದಿಲ್ಲ. ಪ್ರಾಜೆಕ್ಟ್ ಸಬ್ಮಿಶನ್ ಹತ್ತಿರ ಇರುವವರು ಆ ತಿಂಗಳು ಬಯೋಸ್ ಮುಟ್ಟದೆ ಇರುವುದೇ ಕ್ಷೇಮ, ಮುಟ್ಟುವುದಾದರೆ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಬೇರೆ ಇರಲಿ. ಏರಿಸಿದ್ದು ಹೆಚ್ಚಾಗಿ ಡಿಸ್‌ಪ್ಲೇಯೇ ಬಾರದಿದ್ದರೆ ಗಾಬರಿ ಬೇಡ. ಪ್ಲಗ್ ತೆಗೆದು, ಬೋರ್ಡ್‌ನಲ್ಲಿರುವ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಹಾಕಿದರೆ ಸಾಮಾನ್ಯವಾಗಿ ಎಲ್ಲ ಮೊದಲಿನಂತೆ ಆಗ್ತದೆ.

ವಾರಂಟಿಯ ಮಾತು ಅಂಗಡಿಯವರು ತಾವಾಗಿ ಹೇಳಲಿಕ್ಕಿಲ್ಲ. ಪಿಬಿಒ ಸೇರಿದಂತೆ ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಇಲ್ಲ. ವೋಲ್ಟೇಜ್ ಎಷ್ಟು ಅಪಾಯ ಅನ್ನುವುದಕ್ಕೆ ಕಂಪೆನಿಗಳದ್ದೇ ಉದಾಹರಣೆ ಉಂಟು. 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟ ಮೇಲೆ ಎಎಂಡಿ ಬಯೋಸ್ ಮೂಲಕ ಎಸ್‌ಒಸಿ ವೋಲ್ಟೇಜ್‌ಗೆ 1.3ರ ಮಿತಿ ಹಾಕಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ಅತಿಯಾದ ವೋಲ್ಟೇಜ್‌ನಿಂದ ಒಳಗೊಳಗೇ ಸವೆಯುತ್ತಿದ್ದದ್ದು 2024ರಲ್ಲಿ ಖಚಿತವಾಯಿತು. ಆಗಸ್ಟ್‌ನಲ್ಲಿ ಬಯೋಸ್ ಪರಿಹಾರ ಬಂತು, ಇಂಟೆಲ್ ಎರಡು ವರ್ಷ ವಾರಂಟಿಯನ್ನೂ ಹೆಚ್ಚಿಸಿತು. ಸವೆದ ಚಿಪ್ಪನ್ನು ಆ ಬಯೋಸ್ ಸರಿ ಮಾಡುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ 13900ಕೆ, 14700ಕೆ ಅಗ್ಗಕ್ಕೆ ಸಿಕ್ಕಿತು ಅಂತ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ತರಿಸುವ ಮುಂಚೆ ಎರಡು ಸಲ ಯೋಚಿಸಿ. ಹಳೆಯ 12ನೇ ತಲೆಮಾರಿಗೆ ಈ ತೊಂದರೆ ಇಲ್ಲ.

ಅರ್ತಿಂಗ್ ಇಲ್ಲದ ಮನೆಗೆ ಓವರ್‌ಕ್ಲಾಕ್ ಬೇಡ

ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು, ಜೂನ್‌ನಿಂದ ಮರ ಬಿದ್ದು ಮೆಸ್ಕಾಂ ಲೈನ್ ಕಡಿಯುವುದು, ಬಂದರೆ ಲೋ ವೋಲ್ಟೇಜ್. ಇದನ್ನೆಲ್ಲ ಮೊದಲು ಎದುರಿಸುವುದು ಎಸ್‌ಎಂಪಿಎಸ್. ಕ್ಯಾಬಿನೆಟ್ ಜತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಹಾಕಿ ಓವರ್‌ಕ್ಲಾಕ್ ಮಾಡುವುದು ಬೋಳು ಟಯರಿನಲ್ಲಿ ಚಾರ್ಮಾಡಿ ಇಳಿದ ಹಾಗೆ. ಹೆಸರು ಇರುವ ಕಂಪೆನಿಯ, 80 ಪ್ಲಸ್ ಗುರುತಿನ 550 ವ್ಯಾಟ್‌ನದ್ದು ಮಧ್ಯಮ ಗ್ರಾಫಿಕ್ಸ್ ಕಾರ್ಡಿಗೂ ಸೇರಿ ಸಾಕು. ದುಡ್ಡು ಎಲ್ಲಿಂದ ಅಂದರೆ, ಝಡ್ ಬೋರ್ಡ್ ಬಿಟ್ಟು ಬಿ ಬೋರ್ಡ್ ತಕೊಂಡಾಗ ಉಳಿಯಿತಲ್ಲ, ಅದರಿಂದ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ನಿಜವಾಗಿ ಹೊರುವುದು ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಗೇಮ್ ಮಧ್ಯೆ ಕರೆಂಟು ಹೋದಾಗ ಅದರಲ್ಲಿ ನಿಲ್ಲದೆ ಆಫ್ ಆಗುವುದು ಇದೇ ಕಾರಣಕ್ಕೆ. ಮನೆಯ ಇನ್‌ವರ್ಟರ್‌ಗೆ ಕೊಡುವುದಾದರೆ ಅದು ಸೈನ್ ವೇವ್‌ನದ್ದಾ ಅಂತ ನೋಡಿ, ಸ್ಕ್ವೇರ್ ವೇವ್ ಆದರೆ ಒಳ್ಳೆ ಎಸ್‌ಎಂಪಿಎಸ್‌ಗಳು ಕಿರಿಕಿರಿ ಮಾಡ್ತವೆ. ಕ್ಯಾಬಿನೆಟ್ ಮುಟ್ಟಿದಾಗ ಸಣ್ಣ ಶಾಕ್ ಹೊಡೆಯುತ್ತಿದ್ದರೆ ಅದು ಕಂಪ್ಯೂಟರ್‌ನ ದೋಷ ಅಲ್ಲ, ಹೆಚ್ಚಾಗಿ ಅರ್ತಿಂಗ್ ಇಲ್ಲದ್ದು. ಬಯೋಸ್ ತೆರೆಯುವ ಮುಂಚೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಸಿಡಿಲಿನ ಸಂಜೆ ಪವರ್ ಪ್ಲಗ್ ತೆಗೆದರೆ ಸಾಲದು, ರೂಟರ್‌ನಿಂದ ಬರುವ ಲ್ಯಾನ್ ವಯರ್ ಕೂಡ ತೆಗೆಯಬೇಕು. ಅದರ ಮೂಲಕ ಬಂದು ಬೋರ್ಡ್‌ನ ಲ್ಯಾನ್ ಪೋರ್ಟ್ ಸುಡುವುದು ಈ ಕಡೆ ಹೊಸತಲ್ಲ.

ಖರೀದಿಯ ದಿನ ಬಾಕ್ಸನ್ನು ಅಂಗಡಿಯ ಮೇಜಿನ ಮೇಲೇ ತೆರೆಸಿ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ, ಇಂಟೆಲ್ ಮತ್ತು ಎಎಂ5ನಲ್ಲಿ ಬೋರ್ಡ್‌ನ ಸಾಕೆಟ್‌ನಲ್ಲಿ. ಒಂದು ಪಿನ್ ಬಗ್ಗಿದ್ದರೂ ಅಲ್ಲೇ ಹೇಳಬೇಕು, ಮನೆಗೆ ತಂದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಜಿಎಸ್‌ಟಿ ಬಿಲ್‌ನಲ್ಲಿ ಪ್ರೊಸೆಸರ್, ಬೋರ್ಡ್, ರ್‍ಯಾಮ್, ಎಸ್‌ಎಂಪಿಎಸ್ ನಾಲ್ಕರ ಸೀರಿಯಲ್ ನಂಬರೂ ಬೇರೆ ಬೇರೆ ಬರೆಸಿಕೊಳ್ಳಿ, ಬಿಲ್‌ನ ಫೋಟೊ ತೆಗೆದಿಡಿ. ಕೆಲವು ಬಿಲ್‌ಗಳ ಶಾಯಿ ಒಂದು ಮಳೆಗಾಲ ದಾಟುವಷ್ಟರಲ್ಲಿ ಮಾಸಿ ಹೋಗ್ತದೆ, ವಾರಂಟಿ ಇರುವುದು ಮೂರು ವರ್ಷ.